ಮಯಸ್ತೇನಿಯಾ ಇರುವ ಬಸುರಿಗೆ ಬೆನ್ನಿನ ಸೂಜಿಯೋ, ಪೂರ್ತಿ ಅರಿವಳಿಕೆಯೋ?

ಹೊಳೆಸಾಲು (ಎಳೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಈಗ 27 ವಾರ, ಚೊಚ್ಚಲು. ಅವಳಿಗೆ ಮಯಸ್ತೇನಿಯಾ ಗ್ರಾವಿಸ್ ಇದೆ, ಸ್ನಾಯುಗಳು ಬೇಗ ಸೋಲುವ ಕಾಯಿಲೆ. ಮದುವೆಗೆ ಮೊದಲೇ ಗೊತ್ತಾಗಿತ್ತು, ಮುಚ್ಚಿಟ್ಟು ಮದುವೆ ಮಾಡಿದ್ದಲ್ಲ (ನಮ್ಮ ನೆಂಟರಲ್ಲಿ ಕೆಲವರಿಗೆ ಈ ಅನುಮಾನ, ಅದಕ್ಕೆ ಹೇಳಿದೆ). ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಜೋಲುತ್ತದೆ. ಚಪಾತಿ ಅಗಿಯುತ್ತ ಅರ್ಧಕ್ಕೇ ದವಡೆ ಸೋಲುತ್ತದೆ. ಬೆಳಿಗ್ಗೆ ಮಾತ್ರ ಏನೂ ಆಗಿಲ್ಲವೆನ್ನುವಂತೆ ಇರುತ್ತಾಳೆ. ಪಿರಿಡೋಸ್ಟಿಗ್ಮಿನ್ 60 ಮಿ.ಗ್ರಾಂ. ಮಾತ್ರೆ ದಿನಕ್ಕೆ ನಾಲ್ಕು, ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) 10 ಮಿ.ಗ್ರಾಂ. ಒಂದು.

ನಾವಿರುವುದು ಸಾಗರದ ಹತ್ತಿರ. ತೋರಿಸುತ್ತಿದ್ದ ನರ್ಸಿಂಗ್ ಹೋಮಿನಲ್ಲಿ, 'ಈ ಕಾಯಿಲೆಯವರಿಗೆ ಬೆನ್ನಿಗೆ ಸೂಜಿ ಹಾಕಿದರೆ ಕಾಲಿಗೆ ಶಕ್ತಿ ವಾಪಸು ಬರುವುದಿಲ್ಲ, ಪೂರ್ತಿ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡಿಬಿಡೋಣ' ಎಂದರು. ಔಷಧಿ ಅಂಗಡಿ ಇಟ್ಟಿರುವ ನನ್ನ ಷಡ್ಡಕ, 'ಪೂರ್ತಿ ಅರಿವಳಿಕೆ ಕೊಟ್ಟರೆ ಏಳುವುದೇ ಇಲ್ಲ ಭಾವ' ಎನ್ನುತ್ತಾನೆ. ಬೆಂಗಳೂರಿನ ನರರೋಗ ತಜ್ಞರು ಚೀಟಿಯ ಮೇಲೆ 'ಹೆರಿಗೆಗೆ ಅಡ್ಡಿಯಿಲ್ಲ' ಎಂದು ಒಂದೇ ಸಾಲು ಬರೆದಿದ್ದಾರೆ. ಅತ್ತೆಗೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೇ ಬರಬೇಕು. ತವರು ಸಿದ್ದಾಪುರದ ಕಡೆಯ ಒಂದು ಹಳ್ಳಿ, ಮಳೆಗಾಲದಲ್ಲಿ ಸಂಕ ದಾಟಿ ಹೋಗಬೇಕು. ಯಾರ ಮಾತು ಕೇಳಲಿ?

ಅಡಕೆಸಿಪ್ಪೆ

ಸಿಸೇರಿಯನ್ ಮಾಡಿಸಿ, ದಿನಾಂಕ ಮೊದಲೇ ಗೊತ್ತಿರುತ್ತದೆ, ತಲೆಬಿಸಿ ಇಲ್ಲ. ನಮ್ಮ ಅತ್ತಿಗೆಗೆ ಥೈರಾಯ್ಡ್ ಇತ್ತು, ಹಾಗೇ ಮಾಡಿಸಿದೆವು.

ಕೆರೆಕೋಡಿ

ಥೈರಾಯ್ಡಿಗೂ ಇದಕ್ಕೂ ಎಲ್ಲಿಯ ಸಂಬಂಧ ಮಾರಾಯರೇ?

ಮಂಡಕ್ಕಿ

ಬೆನ್ನಿಗೆ ಸೂಜಿ ಹಾಕಿಸಬೇಡಿ. ನನಗೆ ಹಾಕಿ ಒಂಬತ್ತು ವರ್ಷವಾಯಿತು, ಇವತ್ತಿಗೂ ಸೊಂಟ ನೋವು.

ಕೆರೆಕೋಡಿ

ನನಗೆ ಸೂಜಿಯನ್ನೂ ಹಾಕಿಲ್ಲ, ಮಕ್ಕಳನ್ನೂ ಹೆತ್ತಿಲ್ಲ, ಸೊಂಟ ನೋವು ಮಾತ್ರ ಇದೆ.

ಅರಿವಳಿಕೆಯವಳು

ಹದಿನಾಲ್ಕು ವರ್ಷದಿಂದ ಅರಿವಳಿಕೆ ಕೊಡುವುದೇ ನನ್ನ ಕೆಲಸ. ಅಷ್ಟರಲ್ಲಿ ಈ ಕಾಯಿಲೆಯ ಬಸುರಿಯರನ್ನು ಕಂಡದ್ದು ಮೂವರನ್ನು. ಹಾಗಾಗಿ ನಿಮ್ಮೂರಿನ ವೈದ್ಯರಿಗೆ ಗೊತ್ತಿಲ್ಲ ಎಂದು ನಗುವುದಿಲ್ಲ. ನಿಮ್ಮ ಮನೆಯವರನ್ನು ನಾನು ನೋಡಿಲ್ಲ, ಆದ್ದರಿಂದ ಇದನ್ನು ನಿಮ್ಮ ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆಗಳು ಎಂದು ಓದಿಕೊಳ್ಳಿ.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿರುವ ಗ್ರಾಹಕಗಳನ್ನು ಮುಟ್ಟಿದರೆ ಸ್ನಾಯು ಕೆಲಸ ಮಾಡುತ್ತದೆ. ಮಯಸ್ತೇನಿಯಾದಲ್ಲಿ ದೇಹವೇ ತಯಾರಿಸಿದ ಪ್ರತಿಕಾಯಗಳು ಹೋಗಿ ಆ ಗ್ರಾಹಕಗಳನ್ನು ಕೆಡಿಸುತ್ತವೆ. ಅಂಚೆಯವನು ಸರಿಯಾಗಿಯೇ ಬರುತ್ತಾನೆ, ಪತ್ರ ಹಾಕುವ ಪೆಟ್ಟಿಗೆ ಮುರಿದಿದೆ. ಪಿರಿಡೋಸ್ಟಿಗ್ಮಿನ್ ಪೆಟ್ಟಿಗೆಯನ್ನು ರಿಪೇರಿ ಮಾಡುವುದಿಲ್ಲ, ಬಂದ ಪತ್ರ ಬೇಗ ಹರಿದುಹೋಗದಂತೆ ಸ್ವಲ್ಪ ಹೊತ್ತು ಹಿಡಿದಿಡುತ್ತದೆ.

ಬೆನ್ನಿನ ಸೂಜಿಯ ಔಷಧ, ಸಾಮಾನ್ಯವಾಗಿ ಬುಪಿವಕೇನ್, ಕೆಲಸ ಮಾಡುವುದು ಬೆನ್ನಿನೊಳಗಿನ ನರದ ಬೇರುಗಳ ಮೇಲೆ. ಇಳಿದ ಮೇಲೆ ಎಲ್ಲರಿಗೆ ಬರುವಂತೆ ಇವರಿಗೂ ಕಾಲು ಬರುತ್ತದೆ. ಈ ಕಾಯಿಲೆಯವರಿಗೆ ಸಿಸೇರಿಯನ್ ಬೇಕಾದಾಗ ಬಹುಪಾಲು ಅರಿವಳಿಕೆ ತಜ್ಞರು ಮೊದಲು ಯೋಚಿಸುವುದೇ ಬೆನ್ನಿನ ದಾರಿಯನ್ನು. ಎಚ್ಚರ ಬೇಕಾದದ್ದು ಮರಗಟ್ಟುವಿಕೆ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬಲ್ಲಿ. ಸಿಸೇರಿಯನ್‌ಗೆ ಅದು ಎದೆಯ ಮಟ್ಟದವರೆಗೆ ಬರಬೇಕು. ಆಗ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲವಾಗುತ್ತವೆ. ಆರೋಗ್ಯವಂತೆಗೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಿನ ಸ್ನಾಯು) ಇದೆ, ಅಷ್ಟೇ ಸಾಕು. ಮೊದಲೇ ಉಸಿರಿನ ಸ್ನಾಯು ದಣಿದಿರುವವಳಿಗೆ ಆ ಉಳಿತಾಯ ಇರುವುದಿಲ್ಲ. ಅದಕ್ಕೆ ಕೆಲವರು ಸಣ್ಣ ಪ್ರಮಾಣದ ಸ್ಪೈನಲ್ (ಬೆನ್ನಿಗೆ ಒಂದೇ ಸಲದ ಸೂಜಿ) ಕೊಟ್ಟು, ಬೆನ್ನಿನಲ್ಲೇ ಕೂರಿಸಿಟ್ಟ ಎಪಿಡ್ಯೂರಲ್ ಎಂಬ ಸಣ್ಣ ನಳಿಗೆಯಿಂದ ಬೇಕಾದಷ್ಟನ್ನೇ ನಿಧಾನವಾಗಿ ಏರಿಸುತ್ತಾರೆ.

ಪೂರ್ತಿ ಅರಿವಳಿಕೆಯಲ್ಲಿ ತೊಡಕು ಇರುವುದು ಸ್ನಾಯು ಸಡಿಲಿಸುವ ಔಷಧಗಳಲ್ಲಿ. ವೆಕ್ಯುರೋನಿಯಂ, ಅಟ್ರಾಕ್ಯುರಿಯಂ, ರೊಕ್ಯುರೋನಿಯಂ ಇವರಿಗೆ ಚಿಟಿಕೆ ಕೊಟ್ಟರೂ ಬೊಗಸೆಯಾಗುತ್ತದೆ. ಸ್ನಾಯು ಸಡಿಲಿಸುವ ಇನ್ನೊಂದು ಔಷಧ ಸ್ಕೋಲಿನ್ (ಸಕ್ಸಿನೈಲ್‌ಕೋಲಿನ್) ಇದಕ್ಕೆ ತಿರುಗುಮುರುಗು: ಮಾಮೂಲಿ ಪ್ರಮಾಣ ಸಾಲದೆ ಹೋಗಬಹುದು, ಮೇಲಾಗಿ ಅದನ್ನು ಒಡೆಯುವ ಕಿಣ್ವವನ್ನು ಪಿರಿಡೋಸ್ಟಿಗ್ಮಿನ್ ತಡೆಯುವುದರಿಂದ ಒಮ್ಮೆ ಹಿಡಿದರೆ ಬಿಡುವುದು ತಡ. ರೊಕ್ಯುರೋನಿಯಂ ಕೊಟ್ಟು ಕೊನೆಯಲ್ಲಿ ಸುಗಮಡೆಕ್ಸ್‌ನಿಂದ ಬಿಡಿಸುವ ದಾರಿ ಈಗ ಇದೆ, ಆದರೆ ದುಬಾರಿ, ಸಣ್ಣ ಊರಿನಲ್ಲಿ ಕಪಾಟಿನಲ್ಲಿ ಸಿಗುವ ವಸ್ತುವಲ್ಲ. ನಿಮ್ಮ ಷಡ್ಡಕ ಹೇಳಿದಂತೆ 'ಏಳುವುದೇ ಇಲ್ಲ' ಎಂಬುದು ಸುಳ್ಳು. ಎಚ್ಚರ ಆಗುತ್ತದೆ, ಉಸಿರಿನ ಬಲ ಮರಳುವುದು ತಡವಾಗಬಹುದು, ಆಗ ವೆಂಟಿಲೇಟರ್ ಇರುವ ಐಸಿಯು ಬೇಕು. ನುಂಗುವುದಕ್ಕೂ ಉಸಿರಾಡುವುದಕ್ಕೂ ಕಷ್ಟವಾಗುವಷ್ಟು ಕಾಯಿಲೆ ಏರಿದ್ದರೆ ಗಂಟಲಿಗೆ ನಳಿಗೆ ಹಾಕಿ ಪೂರ್ತಿ ಅರಿವಳಿಕೆ ಕೊಡುವುದೇ ಕ್ಷೇಮ. ಆ ದಿನ ಅವರ ಉಸಿರು ಹೇಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಮತ್ತೆ, ಸಿಸೇರಿಯನ್ನೇ ಏಕೆ? ಗರ್ಭಕೋಶ ಬೇರೆ ಜಾತಿಯ ಸ್ನಾಯು, ಈ ಪ್ರತಿಕಾಯಗಳು ಅದರ ತಂಟೆಗೆ ಹೋಗುವುದಿಲ್ಲ. ಗರ್ಭಕೋಶದ ಬಾಯಿ ತೆರೆಯುವವರೆಗಿನ ನೋವು ಎಲ್ಲರಂತೆಯೇ ಸಾಗುತ್ತದೆ. ಮಗುವನ್ನು ಹೊರಗೆ ತಳ್ಳುವ ಹೊತ್ತಿಗೆ ತಾಯಿಯ ಸ್ವಂತ ಬಲ ಬೇಕು, ಅಲ್ಲಿ ದಣಿಯುತ್ತಾರೆ. ಆಗ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ನೆರವಿಗೆ ಇದೆ. ಮೊದಲೇ ಎಪಿಡ್ಯೂರಲ್ ಹಾಕಿಸಿಕೊಂಡರೆ ನೋವಿನಲ್ಲೇ ಶಕ್ತಿ ಖರ್ಚಾಗುವುದು ತಪ್ಪುತ್ತದೆ.

ಅರಿವಳಿಕೆಯವಳು

ಮರೆತೆ. ಕೆರೆಕೋಡಿ ಅವರೇ, ಥೈರಾಯ್ಡಿಗೂ ಇದಕ್ಕೂ ಸಂಬಂಧ ಇದೆ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಥೈರಾಯ್ಡ್ ಕಾಯಿಲೆ ಮಯಸ್ತೇನಿಯಾ ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ಅಡಕೆಸಿಪ್ಪೆಯವರ ಸಲಹೆ ತಪ್ಪು, ಹೋಲಿಕೆ ಅಷ್ಟು ತಪ್ಪಲ್ಲ.

ಅಡಕೆಸಿಪ್ಪೆ

ಅರ್ಧ ಗೆದ್ದೆ.

ನಿವೃತ್ತ ಸಿಸ್ಟರ್

ಡಾಕ್ಟರಮ್ಮ ಎಲ್ಲ ಹೇಳಿದರು, ನನ್ನ ಎದೆಯಲ್ಲಿ ಮೊದಲು ಡವಡವ ಎಂದದ್ದನ್ನು ಮಾತ್ರ ಹೇಳಲಿಲ್ಲ. ಮೆಗ್ನೀಷಿಯಂ!

ಬಿ.ಪಿ. ಏರಿ ಫಿಟ್ಸ್ ಬಂದ ಬಸುರಿಗೆ ನಾವು ಕಲಿತದ್ದು ಒಂದೇ. ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಎರಡೂ ಪಿರ್ರೆಗೆ ಐದೈದು ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಆಳವಾಗಿ ಚುಚ್ಚಿ 108 ಹತ್ತಿಸು. ಹೊಸ ಹುಡುಗಿಯರಿಗೆ ನಾನೇ ಬಾಯಿಪಾಠ ಮಾಡಿಸಿದ್ದೇನೆ. ಎಷ್ಟೋ ತಾಯಂದಿರನ್ನು ಉಳಿಸಿದ ಔಷಧ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಮಯಸ್ತೇನಿಯಾದವಳಿಗೆ ಅದನ್ನು ಚುಚ್ಚಿದರೆ ಉಸಿರೇ ನಿಲ್ಲಬಹುದು ಎಂದು ನನಗೆ ಗೊತ್ತಾದದ್ದು ಸೇವೆಗೆ ಸೇರಿ ಹತ್ತೊಂಬತ್ತು ವರ್ಷವಾದ ಮೇಲೆ, ಒಂದು ತರಬೇತಿಯಲ್ಲಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಚುಚ್ಚಿದವರಲ್ಲಿ ಯಾರಿಗಾದರೂ ರೆಪ್ಪೆ ಜೋಲುತ್ತಿತ್ತೇ ಎಂದು ಮುಖ ಮುಖ ನೆನಪಿಸಿಕೊಂಡೆ.

ತಮ್ಮಾ, ನಾಳೆಯೇ ಒಂದು ಕೆಲಸ ಮಾಡು. ತಾಯಿ ಕಾರ್ಡಿನ ಹೊರಗಿನ ಪುಟದ ಮೇಲೆ, ಒಳಗಲ್ಲ, ಕೆಂಪು ಶಾಯಿಯಲ್ಲಿ ದಪ್ಪಗೆ ಬರೆಸು: 'ಮಯಸ್ತೇನಿಯಾ ಗ್ರಾವಿಸ್ ಇದೆ. ಮೆಗ್ನೀಷಿಯಂ ಕೊಡಬೇಡಿ.' ಕೆಳಗೆ ವೈದ್ಯರ ಸಹಿ, ಮೊಹರು. ಅರ್ಧರಾತ್ರಿಯಲ್ಲಿ ಕರ್ತವ್ಯದಲ್ಲಿರುವ ಹುಡುಗಿಗೆ ನಿನ್ನ ಫೈಲು ತಿರುವಿಹಾಕಲು ಪುರುಸೊತ್ತು ಇರುವುದಿಲ್ಲ.

ಹೊಳೆಸಾಲು

ಸಿಸ್ಟರ್, ಕೈ ನಡುಗಿತು. ಏಳು ತಿಂಗಳಿನಿಂದ ಈ ಮಾತನ್ನು ನಮಗೆ ಯಾರೂ ಹೇಳಿಲ್ಲ. ಅವಳ ಬಿ.ಪಿ. ಹೋದ ಸಲ ಸ್ವಲ್ಪ ಜಾಸ್ತಿ ಇತ್ತು ಬೇರೆ.

ಅರಿವಳಿಕೆಯವಳು

ಸಿಸ್ಟರ್, ನಿಮಗೆ ನಮಸ್ಕಾರ. ನನ್ನ ಉದ್ದದ ಪ್ರವಚನಕ್ಕಿಂತ ಇದು ಮೊದಲು ಬರಬೇಕಿತ್ತು. ಮೆಗ್ನೀಷಿಯಂ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಡುವುದನ್ನೇ ಕಡಿಮೆ ಮಾಡುತ್ತದೆ. ಪೆಟ್ಟಿಗೆ ಮುರಿದ ಮನೆಗೆ ಅಂಚೆಯವನೂ ಬರದಂತಾಗುತ್ತದೆ. ಫಿಟ್ಸ್ ತಡೆಯಲು ಲೆವೆಟಿರಾಸಿಟಮ್‌ನಂಥ ಬೇರೆ ಔಷಧಗಳಿವೆ.

ಅದೇ ಕೆಂಪು ಶಾಯಿಯಲ್ಲಿ ಇನ್ನೂ ಕೆಲವು ಸೇರಿಸಿ: ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್. ಮೂರೂ ನಮ್ಮ ಆಸ್ಪತ್ರೆಗಳಲ್ಲಿ ನೀರಿನ ಹಾಗೆ ಹರಿಯುವ ಆ್ಯಂಟಿಬಯೋಟಿಕ್‌ಗಳು. ಬಿ.ಪಿ.ಗೆ ಕೊಡುವ ಲಾಬೆಟಲಾಲ್ ಕೂಡ ಬಲ ಕುಗ್ಗಿಸಬಹುದು, ಕೊಡುವ ಮೊದಲು ನರರೋಗ ತಜ್ಞರನ್ನು ಕೇಳಲಿ. ಪ್ರೆಡ್ನಿಸೊಲೋನ್ ತುಂಬ ದಿನದಿಂದ ನಡೆಯುತ್ತಿದೆ ಎಂಬುದನ್ನೂ ಬರೆಸಿ, ಹೆರಿಗೆಯ ಹೊತ್ತಿಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಸೂಜಿ ಬೇಕಾಗುತ್ತದೆ.

ರಾಗಿಕಣ

ಹಾಗಾದರೆ ಫಿಟ್ಸ್ ನಿಲ್ಲುತ್ತಲೇ ಇಲ್ಲ, ಕೈಯಲ್ಲಿ ಮೆಗ್ನೀಷಿಯಂ ಬಿಟ್ಟು ಬೇರೆ ಇಲ್ಲ ಎಂದರೆ ಸುಮ್ಮನೆ ನೋಡುತ್ತ ಕೂರಬೇಕೇ? 'ಕೊಡಬೇಡಿ' ಎಂದು ಕಾರ್ಡಿನ ಮೇಲೆ ಬರೆದದ್ದೇ ಆಮೇಲೆ ಮುಳುವಾಗಬಾರದು. ನಮ್ಮಲ್ಲಿ ಬರೆದದ್ದು ಕಂಡರೆ ಹೊಣೆ ತಪ್ಪಿಸಿಕೊಳ್ಳುವುದಕ್ಕೆ ಅದೇ ನೆಪವಾಗುತ್ತದೆ.

ಅರಿವಳಿಕೆಯವಳು

ಒಳ್ಳೆಯ ತಕರಾರು. ವೆಂಟಿಲೇಟರ್ ಪಕ್ಕದಲ್ಲಿಟ್ಟುಕೊಂಡು, ಉಸಿರು ನಿಂತರೆ ನಳಿಗೆ ಹಾಕುತ್ತೇನೆ ಎಂಬ ಸಿದ್ಧತೆಯಲ್ಲಿ ಹಿರಿಯರೊಬ್ಬರು ತೂಗಿನೋಡಿ ತೀರ್ಮಾನ ತೆಗೆದುಕೊಂಡರೆ ಅದು ಬೇರೆ. ಏನೂ ಗೊತ್ತಿಲ್ಲದೆ ಆಂಬುಲೆನ್ಸ್ ಹತ್ತಿಸುವ ಮೊದಲು ಚುಚ್ಚುವುದು ಬೇರೆ. 'ಮೆಗ್ನೀಷಿಯಂ ಅಪಾಯ, ಉಸಿರು ನಿಲ್ಲಬಹುದು' ಎಂದು ಕಾರಣ ಸಹಿತ ಬರೆಸಿದರೆ ನೀವು ಹೇಳುವ ಭಯ ಇರುವುದಿಲ್ಲ.

ಗಿಡಮೂಲಿಕೆ ಪ್ರಿಯ

ಅಮೃತಬಳ್ಳಿ ಕಷಾಯ ಕುಡಿಸಿ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ.

ಕೆರೆಕೋಡಿ

ಸ್ವಾಮೀ, ಇಲ್ಲಿ ಕಳ್ಳನೇ ಆ ರೋಗನಿರೋಧಕ ಶಕ್ತಿ. ಅವನಿಗೆ ಬಾದಾಮಿ ಹಾಲು ಕೊಡಿ ಎನ್ನುತ್ತಿದ್ದೀರಲ್ಲ.

ತುಂಗಾತೀರ

ವಿಷಯಾಂತರಕ್ಕೆ ಕ್ಷಮೆಯಿರಲಿ. ನಮ್ಮ ಮಾವನಿಗೆ ನಾಗರಹಾವು ಕಚ್ಚಿದಾಗ ಮೊದಲು ಜೋತದ್ದು ರೆಪ್ಪೆಯೇ. ಆಮೇಲೆ ಮಾತು ತೊದಲಿತು. ವಿಷನಿವಾರಕದ ಜೊತೆಗೆ ನಿಯೋಸ್ಟಿಗ್ಮಿನ್ ಕೊಟ್ಟರು, ಕಣ್ಣು ತೆರೆದರು. ಇವರ ಮಾತ್ರೆಯ ಹೆಸರೂ ಹಾಗೇ ಕೇಳಿಸುತ್ತದೆ. ಒಂದೇ ಮನೆತನವೇ?

ಅರಿವಳಿಕೆಯವಳು

ಒಂದೇ ಮನೆತನ. ನಾಗರಹಾವಿನ ವಿಷ ಕೂರುವುದು ಅದೇ ಗ್ರಾಹಕಗಳ ಮೇಲೆ. ಕಟ್ಟುಹಾವಿನ ವಿಷ ಹೆಚ್ಚಾಗಿ ನರದ ತುದಿಯನ್ನೇ ಹಾಳುಮಾಡುತ್ತದೆ, ಅಲ್ಲಿ ನಿಯೋಸ್ಟಿಗ್ಮಿನ್‌ನಿಂದ ಅಷ್ಟು ಪ್ರಯೋಜನವಿಲ್ಲ.

ನೀವು ಕೆದಕಿದಿರಿ ಎಂದು ಇನ್ನೊಂದು ಕಥೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಸೇಂಟ್ ಆಲ್ಫೆಜ್ ಆಸ್ಪತ್ರೆಯ ವೈದ್ಯೆ ಮೇರಿ ವಾಕರ್ ಅವರಿಗೆ ಮಯಸ್ತೇನಿಯಾ ರೋಗಿಗಳು ಕ್ಯುರಾರೆ ವಿಷ ತಗಲಿದವರ ಹಾಗೆ ಕಾಣಿಸಿದರು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ವಿಷ ಅದು. ಹಾಗಿದ್ದರೆ ಕ್ಯುರಾರೆಯ ಪ್ರತಿಮದ್ದು ಫೈಸೊಸ್ಟಿಗ್ಮಿನ್ ಕೊಟ್ಟು ನೋಡೋಣ ಎಂದು ಚುಚ್ಚಿದರು, ಜೋತ ರೆಪ್ಪೆ ಎದ್ದಿತು. ಅದಾಗಿ ಎಂಟು ವರ್ಷಕ್ಕೆ, 1942ರಲ್ಲಿ, ಮಾಂಟ್ರಿಯಲ್‌ನ ಹೆರಾಲ್ಡ್ ಗ್ರಿಫಿತ್ ಅದೇ ಕ್ಯುರಾರೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಬಳಸಿದರು. ಈಗಿನ ವೆಕ್ಯುರೋನಿಯಂ, ರೊಕ್ಯುರೋನಿಯಂ ಎಲ್ಲ ಅದೇ ದಾರಿ ಹಿಡಿದು ಬಂದವು. ಹೊಳೆಸಾಲು ಅವರ ಮನೆಯವರಿಗೆ ಆ ಔಷಧಗಳು ಏಕೆ ಅಷ್ಟು ತಾಗುತ್ತವೆ ಎಂದರೆ, ಕಾಯಿಲೆ ಅರ್ಧ ಬಾಣ ಹೊಡೆದಾಗಿದೆ.

ತುಂಗಾತೀರ

ಕಟ್ಟುಹಾವು ಕಚ್ಚಿದ್ದು ಗೊತ್ತೇ ಆಗುವುದಿಲ್ಲವಂತೆ, ರಾತ್ರಿ ಹಾಸಿಗೆಯಲ್ಲೇ…

ನಿರ್ವಾಹಕ

ಹಾವಿಗೆ ಬೇರೆ ಎಳೆ ತೆರೆಯಿರಿ.

ಎರಡನೇ ಮಹಡಿ

ನನ್ನ ಅಕ್ಕನಿಗೆ ಬಸುರಿಯಿದ್ದಾಗ ಗಿಲಾನ್ ಬಾರೇ ಆಗಿತ್ತು. ಅದೂ ದೇಹವೇ ನರದ ಮೇಲೆ ಬೀಳುವ ಕಾಯಿಲೆ. ಅವಳ ಫೈಲಿನ ಮೇಲೆ 'ಸ್ಕೋಲಿನ್ ಕೊಡಲೇಬಾರದು' ಎಂದು ಬರೆದಿದ್ದರು. ಇಲ್ಲಿ ನೋಡಿದರೆ ಸ್ಕೋಲಿನ್ ಸಾಲದೆ ಹೋಗಬಹುದು ಎನ್ನುತ್ತಿದ್ದೀರಿ. ಯಾವುದು ನಿಜ?

ಅರಿವಳಿಕೆಯವಳು

ಎರಡೂ. ಗಿಲಾನ್ ಬಾರೇಯಲ್ಲಿ ಕೆಟ್ಟದ್ದು ನರ. ನರದ ಸಂಪರ್ಕ ತಪ್ಪಿದ ಸ್ನಾಯು ಮೈತುಂಬ ಹೊಸ ಗ್ರಾಹಕಗಳನ್ನು ಬೆಳೆಸಿಕೊಳ್ಳುತ್ತದೆ. ಅಲ್ಲಿ ಸ್ಕೋಲಿನ್ ಬಿದ್ದರೆ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಮಯಸ್ತೇನಿಯಾದಲ್ಲಿ ಗ್ರಾಹಕಗಳೇ ಕಡಿಮೆ. 'ನರದ ಕಾಯಿಲೆ' ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ 'ಬೆನ್ನಿಗೆ ಸೂಜಿ ಬೇಡ' ಎಂಬಂಥ ಮಾತು ಹುಟ್ಟುವುದು.

ಲೀಡ್ಸ್ ಕನ್ನಡತಿ

ನನಗೂ ಇದೇ ಕಾಯಿಲೆ, ಮಗಳಿಗೆ ಈಗ ನಾಲ್ಕು ವರ್ಷ. ಮೊದಲ ಮೂರು ತಿಂಗಳು ಹೈರಾಣಾದೆ, ನಡುವೆ ಹಗುರ, ಹೆರಿಗೆಯಾದ ಮೂರನೇ ವಾರ ಮತ್ತೆ ನೆಲ ಹಿಡಿದೆ. ಇಲ್ಲಿ 30 ವಾರಕ್ಕೇ ಅರಿವಳಿಕೆ ತಜ್ಞರ ಕ್ಲಿನಿಕ್ಕಿಗೆ ಕಳಿಸಿದರು. ಆಕೆ ಮುಕ್ಕಾಲು ಗಂಟೆ ಕೂತು ಮಾತಾಡಿದರು, ಬೆನ್ನು ಮುಟ್ಟಿ ನೋಡಿದರು, ಬಾಯಿ ತೆರೆಸಿ ನೋಡಿದರು, ಒಂದು ಪುಟದ ಯೋಜನೆ ಬರೆದು ಹೆರಿಗೆ ಕೋಣೆಯ ಕಡತಕ್ಕೆ ಸೇರಿಸಿದರು. ನಮ್ಮೂರಿನಲ್ಲಿ ಅಮ್ಮನ ಕಣ್ಣಿನ ಆಪರೇಷನ್‌ಗೆ ಬಂದಿದ್ದ ಅರಿವಳಿಕೆಯವರ ಹೆಸರು ನಮಗೆ ಗೊತ್ತಾದದ್ದು ಬಿಲ್ಲಿನಲ್ಲಿ.

ನೋವು ಶುರುವಾದ ಸ್ವಲ್ಪ ಹೊತ್ತಿಗೇ ಎಪಿಡ್ಯೂರಲ್ ಹಾಕಿದರು. ಕೊನೆಯಲ್ಲಿ ತಳ್ಳಲಾಗದೆ ವ್ಯಾಕ್ಯೂಮ್. ಸೊಂಟ ಚೆನ್ನಾಗಿದೆ, ಮಂಡಕ್ಕಿಯವರೇ.

ಮಗುವಿನ ಬಗ್ಗೆ ಯಾರೂ ಹೇಳಲಿಲ್ಲ. ತಾಯಿಯ ಪ್ರತಿಕಾಯ ಮಾಸು ದಾಟಿ ಮಗುವಿಗೆ ಹೋಗುತ್ತದೆ. ನನ್ನ ಮಗಳು ಎರಡನೇ ದಿನ ಮೊಲೆ ಚೀಪುವುದನ್ನೇ ಬಿಟ್ಟಳು, ಅಳು ಬೆಕ್ಕಿನ ಮರಿಯಂತಾಯಿತು. ಮೂಗಿನ ನಳಿಗೆಯಲ್ಲಿ ಹಾಲು ಕೊಟ್ಟರು. ಮೂರು ವಾರಕ್ಕೆ ಸರಿಹೋದಳು, ಈಗ ಅವಳ ಕೂಗಿಗೆ ಪಕ್ಕದ ಮನೆಯವರು ದೂರು ಕೊಡುತ್ತಾರೆ.

ಅರಿವಳಿಕೆಯವಳು

ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ಮೊದಲ ಎರಡು ಮೂರು ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಪ್ರತಿಕಾಯ ಕರಗಿದ ಹಾಗೆ ತಾನೇ ಹೋಗುತ್ತದೆ. ಆದ್ದರಿಂದ ಮಕ್ಕಳ ವೈದ್ಯರು ಇಲ್ಲದ ಕಡೆ ಹೆರಿಗೆ ಬೇಡ, 'ಎಲ್ಲ ಚೆನ್ನಾಗಿದೆ' ಎಂದು ಮರುದಿನವೇ ಮನೆಗೆ ಓಡುವುದೂ ಬೇಡ.

ಬಿಲ್ಲಿನ ಮಾತು ಚುಚ್ಚಿತು, ನಿಜವೂ ಹೌದು. ತಾಲ್ಲೂಕು ಊರುಗಳಲ್ಲಿ ನಾವು ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಕಾರಿನಲ್ಲಿ ಓಡುತ್ತಿರುತ್ತೇವೆ. ರೋಗಿಯ ಮುಖ ಕಾಣುವುದು ಮೇಜಿನ ಮೇಲೆಯೇ. ಮಯಸ್ತೇನಿಯಾದವರನ್ನು ಹಾಗೆ ನೋಡಬಾರದು. ಹೊಳೆಸಾಲು ಅವರೇ, ವೆಂಟಿಲೇಟರ್ ಮತ್ತು ನವಜಾತ ಶಿಶು ಘಟಕ ಎರಡೂ ಇರುವ ಶಿವಮೊಗ್ಗದ ಯಾವುದಾದರೂ ಆಸ್ಪತ್ರೆಯಲ್ಲಿ ಈಗಲೇ ಹೆಸರು ಬರೆಸಿ, 'ಅರಿವಳಿಕೆ ತಜ್ಞರನ್ನು ಮೊದಲೇ ಕಾಣಬೇಕು' ಎಂದು ಪಟ್ಟು ಹಿಡಿಯಿರಿ. ನಿಮ್ಹಾನ್ಸ್‌ಗೇ ಹೋಗಿ ಹೆರಿಗೆ ಮಾಡಿಸಿ ಎಂದು ಯಾರಾದರೂ ಹೇಳಿಯಾರು. ಅದು ಮೆದುಳು, ನರ, ಮನಸ್ಸಿನ ಆಸ್ಪತ್ರೆ, ಹೆರಿಗೆ ಆಸ್ಪತ್ರೆಯಲ್ಲ.

ಇನ್ನೊಂದು. ಆಪರೇಷನ್ ಎಂದರೆ 'ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಬೇಡಿ' ಎನ್ನುತ್ತಾರೆ, ಆ ಭರದಲ್ಲಿ ಪಿರಿಡೋಸ್ಟಿಗ್ಮಿನ್ ಮಾತ್ರೆಯೂ ತಪ್ಪುತ್ತದೆ. ಅದನ್ನು ಯಾವ ಹೊತ್ತಿಗೆ, ಹೇಗೆ ಕೊಡುವುದು ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ಮಂಡಕ್ಕಿ

ಬಾಣಂತನಕ್ಕಾದರೂ ತವರಿಗೆ ಕಳಿಸಬಹುದಲ್ಲ? ಪಾಪ, ಆ ತಾಯಿಗೂ ಆಸೆ ಇರುತ್ತದೆ. ಹಂಡೆ ನೀರು ಎರೆದು, ಬೆಚ್ಚಗೆ ಸುತ್ತಿ, ಕೆಂಡದ ಪಕ್ಕ ಮಲಗಿಸಿದರೆ ಮೈ ಗಟ್ಟಿಯಾಗುತ್ತದೆ.

ಲೀಡ್ಸ್ ಕನ್ನಡತಿ

ಅಯ್ಯೋ, ಅದನ್ನೇ ಹೇಳಬೇಕೆಂದಿದ್ದೆ. ನನ್ನ ಅಮ್ಮ ಇಲ್ಲಿಗೇ ಬಂದು ಬಾಣಂತನ ಮಾಡಿದಳು. ಹಂಡೆ ಇಲ್ಲದಿದ್ದರೂ ಸುಡುವ ನೀರು ಎರೆದಳು. ಎದ್ದು ನಿಂತರೆ ಎರಡೂ ರೆಪ್ಪೆ ಮುಚ್ಚಿಹೋಗಿವೆ, ಕುತ್ತಿಗೆ ನಿಲ್ಲುತ್ತಿಲ್ಲ. ಸೆಖೆ ಈ ಕಾಯಿಲೆಗೆ ಶತ್ರು. ರೆಪ್ಪೆಯ ಮೇಲೆ ಮಂಜುಗಡ್ಡೆ ಇಟ್ಟು ಏಳುತ್ತದೆಯೇ ಎಂದು ನೋಡುವುದೇ ಇದರ ಒಂದು ಪರೀಕ್ಷೆ. ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ಕೆರಳುವ ಸಂಭವ ಮೊದಲೇ ಹೆಚ್ಚು, ಅದರ ಮೇಲೆ ಹಂಡೆ, ಕೆಂಡ, ಸಾಂಬ್ರಾಣಿ ಹೊಗೆ!

ಮಂಡಕ್ಕಿ

ನೂರಾರು ವರ್ಷದಿಂದ ಬಂದ ಪದ್ಧತಿ ಸುಮ್ಮನೆ ಬಂದಿಲ್ಲ.

ನಿವೃತ್ತ ಸಿಸ್ಟರ್

ಪದ್ಧತಿ ಎಲ್ಲರಿಗಾಗಿ ಬಂತು ತಾಯೀ, ಈ ಹುಡುಗಿಗಾಗಿ ಬರಲಿಲ್ಲ. ಎಣ್ಣೆ ಹಚ್ಚಲಿ, ಉಗುರುಬೆಚ್ಚಗಿನ ನೀರು ಎರೆಯಲಿ, ಮೆಣಸಿನ ಸಾರಿಗೆ ಅನ್ನ ಮೆತ್ತಗೆ ಕಲಸಿ ಕೊಡಲಿ. ಮಾತ್ರೆ ಹಾಕಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟು ಊಟ ಕೊಟ್ಟರೆ ಅಗಿಯಲು ಬಲ ಇರುತ್ತದೆ. ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಇರಲಿ. ಅತ್ತೆಯವರೇ ಸಾಗರಕ್ಕೆ ಬಂದು ಮಾಡಿದರೆ ತವರೇ ಬಂದ ಹಾಗಾಗುವುದಿಲ್ಲವೇ?

ಹೊಳೆಸಾಲು

ಒಂಬತ್ತು ದಿನವಾಯಿತು, ಆದದ್ದನ್ನು ಹೇಳುತ್ತೇನೆ. ಕಾರ್ಡಿನ ಮೇಲೆ ಕೆಂಪು ಬರಹ ಬಿದ್ದಿದೆ. ಆಶಾ ಕಾರ್ಯಕರ್ತೆ ನೋಡಿ ತನ್ನ ಪುಸ್ತಕದಲ್ಲೂ ಬರೆದುಕೊಂಡರು. ಶಿವಮೊಗ್ಗದಲ್ಲಿ ಹೆಸರು ಬರೆಸಿದೆವು. ಅರಿವಳಿಕೆಯವರನ್ನು ಕಾಣಬೇಕು ಎಂದಾಗ ಕೌಂಟರಿನಲ್ಲಿ 'ಯಾರಿಗೆ ಆಪರೇಷನ್?' ಎಂದು ಮೂರು ಸಲ ಕೇಳಿದರು. ಕೊನೆಗೆ ಸಿಕ್ಕರು. ಸಹಜ ಹೆರಿಗೆಗೇ ನೋಡೋಣ, ಎಪಿಡ್ಯೂರಲ್ ಮೊದಲೇ ಹಾಕೋಣ, ಆಪರೇಷನ್ ಬೇಕಾದರೆ ಅದೇ ನಳಿಗೆಯಿಂದ ಏರಿಸೋಣ, ಅವತ್ತು ಉಸಿರು ಸರಿಯಿಲ್ಲದಿದ್ದರೆ ಮಾತ್ರ ಪೂರ್ತಿ ಅರಿವಳಿಕೆ ಎಂದರು. ಅತ್ತೆ ಇಲ್ಲಿಗೇ ಬರಲು ಒಪ್ಪಿದ್ದಾರೆ, ಹಂಡೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾಳೆ ಎಂದು ದಿನಾ ಬರೆದಿಡಲು ಹೇಳಿದ್ದಾರೆ. ಗಟ್ಟಿ ಇರುವವರು 50ರ ಹತ್ತಿರ ಹೋಗುತ್ತಾರಂತೆ, 20 ದಾಟದಿದ್ದರೆ ತಕ್ಷಣ ಬನ್ನಿ ಎಂದರು. ಇವಳದು ಬೆಳಿಗ್ಗೆ 38, ಸಂಜೆ 31. ಅತ್ತೆ ತಾವೂ ಎಣಿಸಿ 24ಕ್ಕೆ ನಿಂತು ಗಾಬರಿಯಾಗಿದ್ದಾರೆ.

ಕೆರೆಕೋಡಿ

ಎಣಿಸಿದ್ದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ? 'ಇಪ್ಪತ್ತೇಳು' ಎನ್ನುವಷ್ಟರಲ್ಲೇ ನನಗೆ ಅರ್ಧ ಉಸಿರು ಹೋಗುತ್ತದೆ.

ಅರಿವಳಿಕೆಯವಳು

ಯಾವ ಭಾಷೆಯಾದರೂ ಸರಿ, ದಿನಾ ಅದೇ ಭಾಷೆ, ಅದೇ ವೇಗ ಇರಲಿ. ಹೋಲಿಸುವುದು ಅವರ ನಿನ್ನೆಯ ಎಣಿಕೆಯ ಜೊತೆ, ಕೆರೆಕೋಡಿಯವರ ಜೊತೆ ಅಲ್ಲ.

ಹೊಳೆಸಾಲು

ಕನ್ನಡದಲ್ಲೇ. ಇವತ್ತು ಬೆಳಿಗ್ಗೆ 39.